ಬಫರ್ ತೆಗಿ ಅಂದ್ರ ಏನು ತೆಗೀಬೇಕು

ನಾನು ಸೇವೆಯಿಂದ ನಿವೃತ್ತನಾದಾಗ ನನಗೆ ಮೂವತ್ತೊಂದು ವರ್ಷ, ಎರಡು ತಿಂಗಳು. ನಗಬೇಡಿ. ನಮ್ಮಪ್ಪ ಆಗಲೇ ಸಾಕಷ್ಟು ನಕ್ಕಿದ್ದಾರೆ. ಲಿಂಗಂಪಲ್ಲಿಯ ಹತ್ತಿರ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದು, ಶಾಲು ಹೊದ್ದು, ಗೋಡೆ ಗಡಿಯಾರ ಹಿಡಿದು ಮನೆಗೆ ಬಂದ ಮನುಷ್ಯ ಅವರು. ನಾನು ಏಳೇ ವರ್ಷಕ್ಕೆ ಬರಿಗೈಲಿ ಬಂದು ‘ರಿಟೈರ್ ಆದೆ’ ಅಂದಾಗ, “ನೀ ರಿಟೈರ್ ಆಗಿಲ್ಲೋ ವಿನ್ಯಾ, ನಿನ್ನ ಕೆಲಸ ನಿನ್ನಿಂದ ರಿಟೈರ್ ಆಗೇತಿ” ಅಂದರು.

ಈಗ ನನ್ನ ಉದ್ಯೋಗ ಮಿಮಿಕ್ರಿ. ಮಿಯಾಪುರದ ಅಪಾರ್ಟ್‌ಮೆಂಟುಗಳ ಗಣೇಶೋತ್ಸವ, ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತೇನೆ. ಪ್ರತಿ ಕಾರ್ಯಕ್ರಮದ ಕೊನೆಗೆ ಕೊರಳಲ್ಲಿ ಗುರುತಿನ ಚೀಟಿ ಇನ್ನೂ ತೆಗೆಯದ ಯಾರಾದರೂ ಬಂದು, ‘ಅಣ್ಣಾ, ನೀವು ಸರ್ಚ್ ಸರ್ವರ್ ನೋಡ್ಕೋತಿದ್ರಂತ. ನಾನೂ ಅದೇ ಕೆಲಸಕ್ಕ ಸೇರಾಕತ್ತೀನಿ. ಹೆಂಗಿರತೈತಿ?’ ಅಂತ ಕೇಳುತ್ತಾರೆ. ನಿಂತಲ್ಲೇ ಹೇಳುವ ಕಥೆಯಲ್ಲ ಅದು. ಹಾಗಾಗಿ ಕೂತು ಬರೆಯುತ್ತಿದ್ದೇನೆ. ಬಡ್ತಿಯ ಸಂಗತಿಗಳನ್ನು ಬರೆಯುವುದಿಲ್ಲ. ವಿನಯದಿಂದಲ್ಲ, ಸಿಕ್ಕಿರಲಿಲ್ಲ.

ನಮ್ಮ ಕಂಪನಿಯದು ಔಷಧ ಹುಡುಕಿಕೊಡುವ ಕೆಲಸ. ಊರಿನ ಯಾವುದೋ ಮೂಲೆಯ ಮೆಡಿಕಲ್ ಅಂಗಡಿಯವನು ಒಂದು ಗುಳಿಗೆಯ ಹೆಸರು ಒತ್ತಿದರೆ, ಅದು ಯಾವ ಗೋದಾಮಿನಲ್ಲಿ ಎಷ್ಟು ಡಬ್ಬಿ ಇದೆ ಎಂದು ನಮ್ಮ ಸರ್ವರ್ ತೋರಿಸಬೇಕು. ಅಂಗಡಿಯವರು ಹೆಸರನ್ನು ಎಂದೂ ಸರಿಯಾಗಿ ಬರೆಯುವುದಿಲ್ಲ. ಡಾಕ್ಟರರ ಅಕ್ಷರ ಓದಿ ಓದಿ ಅವರ ಬೆರಳುಗಳೂ ಹಾಗೇ ಆಗಿವೆ. ಆದರೂ ಹುಡುಕಬೇಕು. ಅದಕ್ಕಾಗಿ ಒಂದಲ್ಲ, ಆರು ಸರ್ವರುಗಳು ಕೆಲಸ ಹಂಚಿಕೊಂಡು ಕೂತಿದ್ದವು. ಸಾಲದ್ದಕ್ಕೆ ಬೇರೆ ಊರಿನಲ್ಲಿ ಇವುಗಳದ್ದೇ ಜೆರಾಕ್ಸಿನಂಥ ಇನ್ನಾರು.

ಪ್ರತಿ ಸರ್ವರಿನ ಹೊಟ್ಟೆಯೊಳಗೂ ಟ್ರಾನ್ಸಾಕ್ಷನ್ ಲಾಗ್ ಅಂತ ಒಂದು ಇರುತ್ತದೆ. ಅದು ಅರ್ಥವಾಗಬೇಕಾದರೆ ನೀವು ನಮ್ಮ ದೊಡ್ಡಮ್ಮನನ್ನು ನೋಡಬೇಕು. ದೊಡ್ಡಮ್ಮನಿಗೆ ಯಾರು ಏನೇ ಅಂದರೂ ಮೊದಲು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ಅಂದವರು ಬಂದು ‘ತಪ್ಪಾತ್ರಿ’ ಅಂದರೆ ಆ ಹಾಳೆ ಹರಿದು ಹಾಕುತ್ತಾಳೆ. ಅನ್ನದಿದ್ದರೆ ಹಾಳೆಗಳು ಬೆಳೆಯುತ್ತಲೇ ಹೋಗುತ್ತವೆ. ಸರ್ವರ್ ಕೂಡ ಅಷ್ಟೆ. ಬಂದ ಪ್ರತಿ ಬದಲಾವಣೆಯನ್ನೂ ಮೊದಲು ಲಾಗಿನಲ್ಲಿ ಗೀಚಿಕೊಳ್ಳುತ್ತದೆ. ‘ಕಮಿಟ್’ ಅಂದರೆ ‘ಇದು ಪಕ್ಕಾ ಆಯ್ತು, ಒಳಗೆ ಸೇರಿಸು’ ಎಂದರ್ಥ. ಆಮೇಲೆ ಹಳೆಯ ಗೀಚುಹಾಳೆಗಳು ಬೇಡ. ಕಮಿಟ್ ಆಗದಿದ್ದರೆ ಲಾಗ್ ಬೆಳೆಯುತ್ತದೆ, ಡಿಸ್ಕ್ ತುಂಬುತ್ತದೆ, ಸರ್ವರ್ ಹೊಸದೇನನ್ನೂ ನುಂಗದೆ ಬಾಯಿ ಮುಚ್ಚಿ ಕೂರುತ್ತದೆ. ದೊಡ್ಡಮ್ಮನದು ಮಾತ್ರ ಇದಕ್ಕೆ ಉಲ್ಟಾ: ಅವಳದು ತುಂಬಿದರೆ ಬಾಯಿ ತೆರೆಯುತ್ತದೆ.

ಸೇರಿದ ಎರಡನೇ ತಿಂಗಳಲ್ಲೇ ನಾನು ಮೊದಲ ಪ್ರಮಾದ ಮಾಡಿದೆ. ಕಮಿಟ್ ಆಗುವಾಗ ಹುಡುಕಾಟ ಒಂದು ಕ್ಷಣ ನಿಧಾನವಾಗುತ್ತಿತ್ತು. ಬುದ್ಧಿವಂತನಾದ ನಾನು ತಾನಾಗಿ ಆಗುವ ಕಮಿಟ್ಟನ್ನೇ ಬಂದ್ ಮಾಡಿದೆ. ಸರ್ವರ್ ಜಿಂಕೆಯ ಹಾಗೆ ಓಡಿತು. ಎಲ್ಲರೂ ಬೆನ್ನು ತಟ್ಟಿದರು. ಒಂಬತ್ತನೇ ದಿನ ಯಾವುದೋ ಕಾರಣಕ್ಕೆ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು. ಎದ್ದ ಸರ್ವರ್ ಕೆಲಸಕ್ಕೆ ಬರಲಿಲ್ಲ. ಲಾಗಿನ ಮೊದಲ ಹಾಳೆಯಿಂದ ಹಿಡಿದು ಒಂಬತ್ತು ದಿನ ನಡೆದದ್ದನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಮಾಡುತ್ತ ಕೂತಿತು. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಊಟದ ಹೊತ್ತಾದರೂ ಲಾಗಿನ ಮೂರನೇ ದಿನಕ್ಕೂ ಬಂದಿರಲಿಲ್ಲ. ಅಂಗಡಿಯವರು ಫೋನು ಮಾಡಿದರೆ ನಾನು, ‘ಸರ್ವರ್ ನೆನಪು ಮಾಡಿಕೊಳ್ಳುತ್ತಿದೆ ಸರ್’ ಅನ್ನುತ್ತಿದ್ದೆ. ಅದಕ್ಕೊಬ್ಬ ದಖ್ಖನಿ ಉರ್ದುವಿನಲ್ಲಿ, ಹಾಗಾದರೆ ಅದಕ್ಕೆ ಬಾದಾಮಿ ತಿನ್ನಿಸು ಮಿಯಾ, ನಮ್ಮ ಪ್ರಾಣ ಯಾಕೆ ತಿನ್ನುತ್ತೀ ಎಂದು ಸಲಹೆ ಕೊಟ್ಟ.

ಅಂದಿನಿಂದ ನಮ್ಮ ಕಚೇರಿಯಲ್ಲಿ ಒಂದು ನಂಬಿಕೆ ಬೇರೂರಿತು: ಲಾಗ್ ಬೆಳೆದರೆ ಕಮಿಟ್ ಮಾಡು. ತಲೆನೋವಿಗೆ ವಿಭೂತಿ ಹಚ್ಚಿದ ಹಾಗೆ. ಈ ನಂಬಿಕೆ ಮುಂದೆ ನಮ್ಮನ್ನು ಮುಳುಗಿಸಿತು.

ಇನ್ನು ನಮ್ಮ ಮೇಲಧಿಕಾರಿ. ಹಿರೇಮಠ ಸರ್ ಬಾಗಲಕೋಟೆ ಕಡೆಯವರು, ಇಪ್ಪತ್ತು ವರ್ಷದಿಂದ ಹೈದರಾಬಾದು. ಕನ್ನಡದ ಶಬ್ದಕ್ಕೆ ತೆಲುಗಿನ ಬಾಲ ಕಟ್ಟಿದರೆ ಅವರ ತೆಲುಗು ತಯಾರು. ದನಿ ಬಾಯಿಗಿಂತ ಮೂಗಿನಿಂದ ಹೆಚ್ಚು ಬರುತ್ತಿತ್ತು. ಪ್ರತಿ ಅಪ್ಪಣೆಗೂ ಮುಂಚೆ ಮೂರು ಸಲ ಗಂಟಲು ಕೆರೆದು, ಕೊನೆಗೆ ‘ತಿಳೀತಿಲ್ಲೋ’ ಎಂದು ಸೇರಿಸುತ್ತಿದ್ದರು. ಮಿಮಿಕ್ರಿಗೆ ಇಂಥ ಮನುಷ್ಯ ಸಿಗುವುದೆಂದರೆ ಹಸಿದವನಿಗೆ ಆರತಕ್ಷತೆಯ ಹಾಲ್ ಸಿಕ್ಕ ಹಾಗೆ. ಎರಡು ವಾರದಲ್ಲಿ ನಾನು ಅವರಾಗಿಬಿಟ್ಟಿದ್ದೆ.

ಅವರ ಬತ್ತಳಿಕೆಯಲ್ಲಿ ಇದ್ದದ್ದು ಒಂದೇ ಕ್ರಿಯಾಪದ: ತೆಗಿ. ಬಾಗಿಲು ತೆಗಿ ಅಂದರೆ ತೆರೆಯಬೇಕು. ಚಪ್ಪಲಿ ತೆಗಿ ಅಂದರೆ ಕಳಚಬೇಕು. ತೆಲುಗಿನಲ್ಲೂ ಹಾಗೇ, ತಲುಪು ತೀಯಿ ಅಂದರೆ ಬಾಗಿಲು ತೆರೆ, ಚೆಪ್ಪುಲು ತೀಯಿ ಅಂದರೆ ಚಪ್ಪಲಿ ಬಿಚ್ಚು. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಬಾಗಿಲನ್ನು ಯಾರೂ ಕಳಚಿಡುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ತೆರೆಯಲೂಬಹುದು, ಕಿತ್ತು ಹಾಕಲೂಬಹುದು. ನನ್ನ ಮೊದಲ ವಾರದಲ್ಲಿ ಸರ್ ‘ಆ ಫೈಲ್ ತೆಗಿ’ ಅಂದರು. ನಾನು ತೆಗೆದೆ. ‘ಎಲ್ಲೈತಿ?’ ಅಂದರು. ‘ತೆಗೆದೆನಲ್ರಿ’ ಅಂದೆ. ಇಬ್ಬರೂ ಖಾಲಿ ಪರದೆಯನ್ನು ಐದು ನಿಮಿಷ ನೋಡುತ್ತ ನಿಂತೆವು. ಪುಣ್ಯಕ್ಕೆ ಅದರ ಪ್ರತಿ ಇತ್ತು. ಇದರಿಂದ ನಾವು ಪಾಠ ಕಲಿಯಬಹುದಿತ್ತು. ಕಲಿಯಲಿಲ್ಲ, ನಕ್ಕೆವು.

ಈಗ ಶ್ರೀಲತಾ. ಅವಳು ನಮ್ಮಲ್ಲಿಗೆ ಬಂದದ್ದು ಪಟಾನ್‌ಚೆರುವಿನ ಒಂದು ಕೆಮಿಕಲ್ ಕಾರ್ಖಾನೆಯಿಂದ. ಅಲ್ಲಿನ ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ಸೀಸೆ ತೊಳೆದು, ಕಾರ್ಖಾನೆ ಬಸ್ಸಿನಲ್ಲಿ ಹೋಗಿಬರುವಾಗ ಫೋನಿನಲ್ಲಿ ಪಾಠ ನೋಡಿ ಕಂಪ್ಯೂಟರ್ ಕಲಿತವಳು. ಆ ವಾಸನೆ ಬಸ್ಸು ಇಳಿದರೂ ಕೂದಲಿಂದ ಇಳಿಯುವುದಿಲ್ಲ, ಮೆಟ್ರೋದಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ ಎನ್ನುತ್ತಿದ್ದಳು. ನಮ್ಮಲ್ಲಿ ಅವಳ ಪ್ರೊಬೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು. ಮೊದಲ ಸಲ ಸಹಿ ಹಾಕುವವರು ರಜೆಯಲ್ಲಿದ್ದರು, ಎರಡನೇ ಸಲ ಫಾರಮ್ಮಿನ ನಮೂನೆ ಬದಲಾಯಿತು. ಮೂರನೇ ಸಲ ಮುಂದೂಡುವ ನಿಯಮವಿರಲಿಲ್ಲ. ಆ ತಿಂಗಳ ಕೊನೆಗೆ ಕಾಯಂ, ಇಲ್ಲವೇ ಮನೆ. ಮನೆಯೆಂದರೆ ಮತ್ತೆ ಆ ಬಸ್ಸು.

ನಮ್ಮ ಮೂವರಲ್ಲಿ ನಿಜವಾಗಿ ಕೆಲಸ ಬರುತ್ತಿದ್ದದ್ದು ಅವಳಿಗೆ. ನನಗೆ ದನಿ ಬರುತ್ತಿತ್ತು, ಸರ್‌ಗೆ ಕೆಮ್ಮು.

ಆ ತಿಂಗಳು ಎರಡನೇ ಊರಿನ ಆರು ಸರ್ವರುಗಳನ್ನು ಹೊಸದಾಗಿ ಕಟ್ಟಿದೆವು. ಅವು ತಯಾರಾಗುವ ತನಕ ನಮ್ಮ ಲಾಗಿನ ಹಾಳೆಗಳನ್ನು ಎಸೆಯದೆ ಕೂಡಿಡಬೇಕು. ಅವಕ್ಕೆ ಒಂದೊಂದಾಗಿ ಕಳಿಸಬೇಕಲ್ಲ. ಹೀಗೆ ಕೂಡಿಡುವ ವ್ಯವಸ್ಥೆಗೆ ಬಫರ್ ಎಂದು ಹೆಸರು. ಆ ಕಡೆಯವು ಸಮಸಮಕ್ಕೆ ಬಂದ ಮೇಲೆ ಬಫರನ್ನು ನಿಲ್ಲಿಸಲೇಬೇಕು. ಇಲ್ಲದಿದ್ದರೆ ತಲುಪಿದ ಹಾಳೆಗಳನ್ನೂ ಸರ್ವರ್ ‘ಇರಲಿ, ಯಾರಾದರೂ ಕೇಳಿದರೆ’ ಎಂದು ಇಟ್ಟುಕೊಳ್ಳುತ್ತದೆ. ನೆಂಟರು ರೈಲು ಹತ್ತಿ ಹೋದ ಮೇಲೂ ಅವರಿಗಾಗಿ ರೊಟ್ಟಿ ಬಡಿಯುತ್ತಲೇ ಇದ್ದ ಹಾಗೆ.

ಒಂದು ಸೋಮವಾರ ಬೆಳಿಗ್ಗೆ ಎರಡೂ ಕಡೆ ಸಮವಾಯಿತು. ಹಿರೇಮಠ ಸರ್ ಶ್ರೀಲತಾಳ ಮೇಜಿನ ಹತ್ತಿರ ಹೋಗಿ, ಮೂರು ಸಲ ಗಂಟಲು ಕೆರೆದು, “ಬಫರ್ ತೀಯಮ್ಮಾ” ಅಂದರು. ಅವಳು ನಿಲ್ಲಿಸಿದಳು. ರಿಜಿಸ್ಟರಿನಲ್ಲಿ ಬರೆದಳು. ಎಲ್ಲ ಸರಿಯಾಗಿತ್ತು.

ಮಧ್ಯಾಹ್ನ ಸರ್ ರೊಟ್ಟಿಯ ಡಬ್ಬಿ ಹಿಡಿದು ಕ್ಯಾಂಟೀನಿಗೆ ಹೋದರು. ಅವರ ಕುರ್ಚಿ ಖಾಲಿಯಿತ್ತು, ಅವರ ಮೇಜಿನ ಫೋನೂ ಖಾಲಿಯಿತ್ತು. ಖಾಲಿ ಕುರ್ಚಿ ಕಂಡರೆ ನನಗೆ ಬೇರೆಯವರಾಗುವ ಚಟ. ಮೇಲಿನ ಮಹಡಿಯಲ್ಲಿದ್ದ ಶ್ರೀಲತಾಳಿಗೆ ಆ ಫೋನಿನಿಂದಲೇ ಹಚ್ಚಿ, ಮೂರು ಸಲ ಗಂಟಲು ಕೆರೆದು, ಮೂಗಿನಿಂದ, “ಬಫರ್ ತೀಯಮ್ಮಾ, ತಿಳೀತಿಲ್ಲೋ” ಅಂದೆ. ಬೇರೆ ದಿನವಾಗಿದ್ದರೆ ಅವಳು ಎರಡನೇ ಶಬ್ದಕ್ಕೇ ನನ್ನನ್ನು ಹಿಡಿದು, ‘ರೇಯ್ ವಿನ್ನೂ, ಪನಿ ಲೇದಾ ನೀಕು’ ಎಂದು ಕೆಲಸವಿಲ್ಲದವನೆಂದು ಬೈಯುತ್ತಿದ್ದಳು. ಅವತ್ತು ‘ಸರೇ ಸರ್’ ಎಂದು ಇಟ್ಟುಬಿಟ್ಟಳು. ನನಗೆ ಭಾಳ ಖುಷಿಯಾಯಿತು. ನನ್ನ ಕಲೆ ಪಕ್ವವಾಯಿತು ಅಂದುಕೊಂಡೆ.

ಅವಳು ಆಮೇಲೆ ಹೇಳಿದ್ದು ಇದು. ಬಫರನ್ನು ಬೆಳಿಗ್ಗೆಯೇ ತೆಗೆದಾಗಿದೆ. ತೆಗೆದದ್ದನ್ನು ಮತ್ತೆ ತೆಗೆಯಲು ಬರುವುದಿಲ್ಲ. ಸರ್ ಹುಚ್ಚರಲ್ಲ. ಅಂದಮೇಲೆ ಈ ಸಲ ತೆಗೆಯುವುದೆಂದರೆ ತೆರೆಯುವುದೇ ಇರಬೇಕು. ಇದರಲ್ಲಿ ಎಲ್ಲಿ ತಪ್ಪಿದೆ, ನೀವೇ ಹೇಳಿ. ನಮ್ಮ ಕಚೇರಿಯಲ್ಲಿ ಆ ದಿನ ತರ್ಕಬದ್ಧವಾಗಿ ಯೋಚಿಸಿದವಳು ಅವಳೊಬ್ಬಳೇ, ಮುಳುಗಿದವಳೂ ಅವಳೇ. ಬಫರ್ ತೆರೆದು, ರಿಜಿಸ್ಟರಿನಲ್ಲಿ ‘ಸರ್ ಫೋನಿನಲ್ಲಿ ಹೇಳಿದಂತೆ ತೆರೆಯಲಾಯಿತು’ ಎಂದು ಬರೆದಳು.

ಎಂಟನೇ ದಿನ ಡಿಸ್ಕಿನ ಎಚ್ಚರಿಕೆಯ ಮೇಲ್ ಬಂತು. ನೋಡಿದವನು ನಾನು. ಲಾಗ್ ಬೆಳೆದಿತ್ತು. ಕಮಿಟ್ ಮಾಡಿದೆ. ಇಳಿಯಲಿಲ್ಲ. ಇನ್ನೊಮ್ಮೆ ಮಾಡಿದೆ. ಹಿರೇಮಠ ಸರ್ ಬಂದು ಅವರೂ ಒಂದು ಸಲ ಮಾಡಿದರು, ಹಿರಿಯರ ಕೈಗುಣ ಇರಲಿ ಎಂದು. ಬಫರ್ ತೆರೆದಿದ್ದರೆ ಸಾವಿರ ಕಮಿಟ್ ಮಾಡಿದರೂ ಒಂದು ಹಾಳೆಯೂ ಕದಲುವುದಿಲ್ಲ. ಇದನ್ನು ಹೊಸಬರು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ನಾವು ಅಂಟಿಸಿದ್ದು ‘ಕಮಿಟ್ ಮಾಡಿದಿರಾ?’ ಎಂಬ ಚೀಟಿ. ಮೂರು ದಿನ ಊರೆಲ್ಲ ಕಮಿಟ್ ಮಾಡಿತು. ನಾನು ಲಾಗ್ ಫೈಲುಗಳನ್ನು ಕೈಯಿಂದಲೇ ಅಳಿಸಿಬಿಡುವಾ ಅಂದಾಗ ಮಾತ್ರ ಸರ್ ನನ್ನ ಮುಂಗೈ ಹಿಡಿದರು. ಅದೊಂದು ವಿಷಯದಲ್ಲಿ ಅವರು ನಿಜವಾದ ಗುರು. ಬದುಕಿರುವ ಸರ್ವರಿನ ಲಾಗನ್ನು ಕೈಯಿಂದ ಅಳಿಸಿದವನು ಆಮೇಲೆ ತನ್ನ ಬಯೋಡೇಟಾ ತಿದ್ದುತ್ತ ಕೂರಬೇಕಾಗುತ್ತದೆ.

ಹನ್ನೊಂದನೇ ದಿನ, ಬೆಳಿಗ್ಗೆ ಹನ್ನೊಂದೂವರೆಗೆ, ಆರೂ ಸರ್ವರುಗಳ ಡಿಸ್ಕ್ ತುಂಬಿತು. ಅವು ಸಾಯಲಿಲ್ಲ. ಸತ್ತಿದ್ದರೆ ಒಳ್ಳೆಯದಿತ್ತು. ಹೊಸದನ್ನು ಬರೆದುಕೊಳ್ಳುವುದನ್ನು ನಿಲ್ಲಿಸಿ, ಹಳೆಯದನ್ನೇ ಆತ್ಮವಿಶ್ವಾಸದಿಂದ ಹೇಳುತ್ತ ಕೂತವು. ಪಟಾನ್‌ಚೆರು ಕಡೆಯ ಒಂದು ಗೋದಾಮಿನಲ್ಲಿ ಕೆಮ್ಮಿನ ಔಷಧದ ಕೊನೆಯ ಪೆಟ್ಟಿಗೆ ಬೆಳಿಗ್ಗೆಯೇ ಹೋಗಿತ್ತು. ಸರ್ವರ್ ಮಾತ್ರ ‘ಒಂದು ಪೆಟ್ಟಿಗೆ ಇದೆ’ ಎಂದು ಕೇಳಿದವರಿಗೆಲ್ಲ ಹೇಳಿತು. ಸಂಜೆಯ ಹೊತ್ತಿಗೆ ಆ ಗೋದಾಮಿನ ಮುಂದೆ ಹದಿನೇಳು ಆಟೋ ಸಾಲಾಗಿ ನಿಂತಿದ್ದವು, ಎಲ್ಲವೂ ಇಲ್ಲದ ಅದೇ ಪೆಟ್ಟಿಗೆಗಾಗಿ. ಒಬ್ಬ ಆಟೋದವನು ಇನ್ನೊಬ್ಬನಿಗೆ, ನಾನು ಮೊದಲು ಬಂದವನು, ಅದು ನನ್ನದು ಎಂದು ಜಗಳ ತೆಗೆದನಂತೆ.

ಶ್ರೀಲತಾಳೇ ಕಾರಣ ಕಂಡುಹಿಡಿದು, ಬಫರ್ ನಿಲ್ಲಿಸಿ, ಎರಡು ಗಂಟೆಯಲ್ಲಿ ಎಲ್ಲ ಸರಿಮಾಡಿದಳು. ಸರಿಮಾಡಿದವಳ ಹೆಸರೇ ರಿಜಿಸ್ಟರಿನಲ್ಲಿ ತೆರೆದವಳ ಹೆಸರೂ ಆಗಿತ್ತು.

ಮರುದಿನ ಬೆಳಿಗ್ಗೆ ವಿಚಾರಣೆಗೆ ಕೂತವರು ದೂರದ ಊರಿನ ಮುಖ್ಯಸ್ಥೆ. ಅವರನ್ನು ನಾವು ಎಂದೂ ನೋಡಿರಲಿಲ್ಲ. ನಮಗೆ ಅವರು ಮೇಜಿನ ಮೇಲಿನ ಸ್ಪೀಕರಿನಿಂದ ಹೊರಡುವ ಒಂದು ದನಿ, ಹೆಸರು ಮೇಡಂ. ಅವರು ಹಿರೇಮಠ ಸರ್‌ಗೆ, ನೀವು ಫೋನಿನಲ್ಲಿ ಹೀಗೆ ಹೇಳಿದ್ದು ಹೌದೇ ಎಂದು ಕೇಳಿದರು. ಸರ್ ಪ್ರಾಮಾಣಿಕರು. “ಆ ಹೊತ್ತಿಗೆ ನಾನು ಕ್ಯಾಂಟೀನಿನಲ್ಲಿ ರೊಟ್ಟಿ ತಿನ್ನುತ್ತಿದ್ದೆ, ಫೋನು ಮಾಡಿಲ್ಲ” ಅಂದರು. ಶ್ರೀಲತಾ, ಮಾಡಿದಿರಿ ಸರ್, ಮೂರು ಸಲ ಕೆಮ್ಮಿದಿರಿ ಅಂದಳು. ಮೇಡಂ, ತಪ್ಪು ಮಾಡುವುದು ಬೇರೆ, ಅದನ್ನು ಹಿರಿಯರ ತಲೆಗೆ ಕಟ್ಟುವುದು ಬೇರೆ, ಇಂಥವರನ್ನು ಕಾಯಂ ಮಾಡುವ ಬಗ್ಗೆ ನಾಳೆ ಹೇಳುತ್ತೇನೆ ಅಂದರು.

ಆಗ ನಾನು ಆ ಕೋಣೆಯಲ್ಲೇ ಇದ್ದೆ. ನನ್ನ ಬಾಯಿಯೂ ಅಲ್ಲೇ ಇತ್ತು. ಊರಿನ ಎಲ್ಲರ ಮಾತನ್ನೂ ಆಡುವ ಆ ಬಾಯಿಗೆ ಅವತ್ತು ನನ್ನ ಒಂದು ವಾಕ್ಯ ಆಡಲು ಆಗಲಿಲ್ಲ.

ಹಿರೇಮಠ ಸರ್ ಮಾತ್ರ ಆ ಇಡೀ ದಿನ ಕಂಗಾಲಾಗಿ ತಿರುಗಿದರು. ಸಂಜೆ ನನ್ನ ಹತ್ತಿರ ಬಂದು ಮೆಲ್ಲಗೆ, “ವಿನಾಯಕ, ಆ ಹುಡುಗಿ ಸುಳ್ಳು ಹೇಳೂದಿಲ್ಲೋ. ನಾನ ಫೋನ್ ಮಾಡಿ ಮರೆತೀನೇನು? ನಮ್ಮ ಅಪ್ಪಗೂ ಕಡೀಕಡೀಗೆ ಹಿಂಗ ಆಗಿತ್ತು” ಅಂದರು. ನಾಳೆ ಡಾಕ್ಟರ ಹತ್ತಿರ ಹೋಗಬೇಕು, ತಲೆಯ ಸ್ಕ್ಯಾನ್ ಮಾಡಿಸಬೇಕು ಎಂದೂ ಸೇರಿಸಿದರು. ನಾನು ಲಿಂಗಂಪಲ್ಲಿಯ ರೈಲಿನಲ್ಲಿ ನಿಂತು ಮನೆಗೆ ಬರುವಷ್ಟರಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ನನ್ನ ಒಂದು ತಮಾಷೆಗೆ ಒಬ್ಬಳು ಸುಳ್ಳುಗಾರ್ತಿಯಾಗಿದ್ದಳು, ಒಬ್ಬರು ಮರೆವಿನ ರೋಗಿಯಾಗಿದ್ದರು. ನಾನೊಬ್ಬ ಆರೋಗ್ಯವಾಗಿದ್ದೆ.

ಮರುದಿನ ಸಭೆ ಶುರುವಾದ ಕೂಡಲೇ ಎದ್ದು ನಿಂತು ಹೇಳಿದೆ: ಫೋನು ಮಾಡಿದ್ದು ನಾನು, ಸರ್ ದನಿಯಲ್ಲಿ. ಮೇಡಂ ನಂಬಲಿಲ್ಲ. ಸಹೋದ್ಯೋಗಿಯನ್ನು ಉಳಿಸಲು ಹೀಗೆ ಹೇಳುವುದು ದೊಡ್ಡ ಗುಣ, ಆದರೆ ಕಚೇರಿಯಲ್ಲಿ ಪ್ರೇಮಪ್ರಕರಣಗಳಿಗೆ ಜಾಗವಿಲ್ಲ ಅಂದರು. ಶ್ರೀಲತಾ ನನ್ನ ಕಡೆ ನೋಡಿದ ನೋಟದಲ್ಲಿ ಪ್ರೇಮದ ಒಂದು ತುಣುಕೂ ಇರಲಿಲ್ಲ; ಪಕ್ಕದಲ್ಲಿ ಸ್ಟೇಪ್ಲರ್ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೇಗೆ ಸಾಬೀತು ಮಾಡುತ್ತೀರಿ ಎಂದು ಮೇಡಂ ಕೇಳಿದರು. ನಾನು ಗಂಟಲು ಕೆರೆದೆ. ಒಂದು, ಎರಡು, ಮೂರು.

“ಮೇಡಂ, ಈ ಹುಡುಗ ಹೇಳೂದು ಖರೇ ಐತ್ರಿ, ತಿಳೀತಿಲ್ಲೋ” ಅಂದೆ.

ಸ್ಪೀಕರಿನಿಂದ ತಕ್ಷಣ ಉತ್ತರ ಬಂತು: “ಹಿರೇಮಠ್‌ಜೀ, ನೀವು ನಡುವೆ ಬರಬೇಡಿ. ಮೊದಲು ಆತ ಮಾತಾಡಲಿ.”

ಹಿರೇಮಠ ಸರ್ ಬಾಯಿ ಬಿಟ್ಟು, ಮುಚ್ಚಿ, “ಮೇಡಂ, ನಾ ಮಾತಾಡಿಲ್ರಿ” ಅಂದರು. ಅದಕ್ಕೆ ಮೇಡಂ, ವಿನಾಯಕ, ನಿಮ್ಮ ಅಣಕ ಇಲ್ಲಿಗೆ ಸಾಕು, ನಿಲ್ಲಿಸಿ ಅಂದರು. ಸರ್ ಕಂಗೆಟ್ಟು, ಇದು ಅಣಕ ಅಲ್ರಿ, ಇದು ನಾನ ಅಂದರು. ನೀವು ಯಾರು ಅಂದರು ಮೇಡಂ. ಹೀಗೆ ನಾಲ್ಕು ನಿಮಿಷ ನಡೆಯಿತು. ಕೊನೆಗೆ ಶ್ರೀಲತಾ ಸ್ಪೀಕರಿನ ಹತ್ತಿರ ಬಾಗಿ, ಶುದ್ಧ ಇಂಗ್ಲಿಷಿನಲ್ಲಿ, ಈಗ ಮಾತಾಡಿದವರು ಸರ್, ಅದಕ್ಕೂ ಮುಂಚೆ ಮಾತಾಡಿದವನು ಆತ, ನನಗೂ ಅವತ್ತು ಆದದ್ದು ಇದೇ ಎಂದು ಹೇಳಿದಳು. ಮೇಡಂ ಮ್ಯೂಟ್ ಒತ್ತಿ ನಗುತ್ತಿದ್ದರೋ ನನ್ನ ಪತ್ರ ಬರೆಸುತ್ತಿದ್ದರೋ ಗೊತ್ತಿಲ್ಲ. ಬಹುಶಃ ಎರಡೂ.

ಸಂಜೆಯೊಳಗೆ ಎರಡು ಪತ್ರ ಬಂದವು. ಒಂದರಲ್ಲಿ ಶ್ರೀಲತಾ ಕಾಯಂ. ಇನ್ನೊಂದರಲ್ಲಿ, ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಡಲು ಬಯಸಿದ್ದೇನೆಂದೂ ಕಂಪನಿ ಅದನ್ನು ವಿಷಾದದಿಂದ ಒಪ್ಪಿದೆಯೆಂದೂ ಇತ್ತು. ನನ್ನ ಇಚ್ಛೆ ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು.

ಕೆಲಸದ ವಿಧಾನವೂ ಆ ವಾರ ಬದಲಾಯಿತು. ಬಾಯಿಮಾತಿನ ಅಪ್ಪಣೆ ರದ್ದು. ಬರೆದು ಕೊಡಬೇಕು, ಏನು ಮಾಡಿದ ಮೇಲೆ ಬಫರ್ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನೂ ಬರೆಯಬೇಕು, ಇನ್ನೊಬ್ಬರು ಓದಿ ಸಹಿ ಹಾಕಬೇಕು. ಹಾಕುವವಳು ಶ್ರೀಲತಾ. ಲಾಗ್ ಬೆಳೆದರೆ ಮೊದಲು ಕಮಿಟ್ ನೋಡು, ಆಮೇಲೆ ಬಫರ್ ನೋಡು, ಆಮೇಲೆ ಆ ಕಡೆಯ ಸರ್ವರ್ ಹಾಳೆಗಳನ್ನು ತೆಗೆದುಕೊಳ್ಳುತ್ತಿದೆಯೇ ನೋಡು ಎಂದು ಅವಳು ಬರೆದ ಅರ್ಧ ಪುಟ ಇಂದಿಗೂ ಅಲ್ಲಿ ನಡೆಯುತ್ತದಂತೆ. ನನ್ನ ಏಳು ವರ್ಷಕ್ಕಿಂತ ಆ ಅರ್ಧ ಪುಟ ಹೆಚ್ಚು ಕೆಲಸಕ್ಕೆ ಬಂದಿದೆ. ಕೆಲಸಕ್ಕೆ ಸೇರುವವರು ನನ್ನನ್ನು ಬಿಟ್ಟು ಅದನ್ನು ಓದಿ.

ಹಿರೇಮಠ ಸರ್ ನನ್ನ ಮೇಲೆ ಸಿಟ್ಟಾಗಲಿಲ್ಲ. ತಲೆ ಸರಿಯಿದೆಯೆಂದು ಗೊತ್ತಾದ ಖುಷಿಯಲ್ಲಿ, ಪತ್ರ ಬಂದ ಸಂಜೆಯೇ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ತಮ್ಮ ಡಬ್ಬಿಯ ರೊಟ್ಟಿ ತಿನ್ನಿಸಿದರು. ತಿನ್ನುತ್ತಿದ್ದಾಗ, ನನ್ನ ದನಿ ಖರೇನ ಅಷ್ಟು ಮೂಗಿನ್ಯಾಗ ಬರತೈತೇನು ಎಂದು ಕೇಳಿದರು. ಇಲ್ಲ ಸರ್, ನಾನು ಸ್ವಲ್ಪ ಹೆಚ್ಚು ಮಾಡುತ್ತೇನೆ ಅಂದೆ. ನನ್ನ ಸೇವಾವಧಿಯ ಕೊನೆಯ ಸುಳ್ಳು ಅದು.

ಆಮೇಲೆ ಮೇಲಿನ ಮಹಡಿಗೆ ಹೋದೆ. ಶ್ರೀಲತಾ ಪರದೆಯಿಂದ ಕಣ್ಣು ಎತ್ತಲಿಲ್ಲ. ನಾನು ಹಿರೇಮಠ ಸರ್ ದನಿಯಲ್ಲಿ, ತಪ್ಪಾತಮ್ಮಾ ಅಂದೆ. ಅವಳು ನಗಲಿಲ್ಲ. ಮೇಡಂ ದನಿಯಲ್ಲಿ ವಿಷಾದ ಸೂಚಿಸಿದೆ. ಅದಕ್ಕೂ ನಗಲಿಲ್ಲ. ಕುರ್ಚಿ ತಿರುಗಿಸಿ ಕನ್ನಡದಲ್ಲೇ, ಅವಳಿಗೆ ಬರುತ್ತಿದ್ದ ಅಷ್ಟೇ ಕನ್ನಡದಲ್ಲಿ, “ನಿನ್ನೆ ರಾತ್ರಿ ನಾನು ಅಮ್ಮನಿಗೆ, ಕಾರ್ಖಾನೆ ಬಸ್ಸು ಈಗ ಎಷ್ಟು ಗಂಟೆಗೆ ಅಂತ ಪಕ್ಕದ ಮನೇಲಿ ಕೇಳು ಅಂದೆ. ಕೇಳಿಸಿದೆ ಕೂಡ. ಐದೂವರೆಗೆ ಅಂತೆ” ಅಂದಳು.

ನನ್ನ ಹತ್ತಿರ ಇನ್ನು ಯಾರ ದನಿಯೂ ಉಳಿದಿರಲಿಲ್ಲ. “ನನ್ನಿಂದ ತಪ್ಪಾಯ್ತು ಶ್ರೀಲತಾ” ಅಂದೆ. ತೆಳ್ಳಗೆ, ನಡುವೆ ಒಡೆದು, ಕೊನೆಯ ಅಕ್ಷರ ಕೇಳಿಸದ ಹಾಗೆ ಬಂತು ಅದು.

ಅವಳು ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

“ಇದು ಯಾರ ಮಿಮಿಕ್ರಿ? ಸರಿಯಾಗಿ ಬರಲಿಲ್ಲ. ಪ್ರಾಕ್ಟೀಸ್ ಮಾಡು” ಅಂದಳು.